ದಂಡನಾಯಕನ ಬಲಮೊಣಕಾಲು

ಮಾರ್ಚ್ 4, ಮಂಗಳವಾರ

ಈ ಪುಸ್ತಕವನ್ನು ಕೊಟ್ಟವಳು ಆರೋಗ್ಯ ಕೇಂದ್ರದ ವೆನ್‌ಚಿ ಎಂಬ ದಾದಿ. ಪ್ರತಿ ಪುಟದಲ್ಲೂ ಎರಡು ಕಾಲಂ ಮಾಡಿದ್ದಾಳೆ. ಒಂದು, ‘ನೋವು: ಸೊನ್ನೆಯಿಂದ ಹತ್ತರೊಳಗೆ’. ಇನ್ನೊಂದು, ‘ನಡೆದದ್ದು’. ಐವತ್ತೆಂಟು ವರ್ಷದ ನನ್ನ ರಂಗಜೀವನವನ್ನು ಎರಡು ಕಾಲಂನಲ್ಲಿ ತುಂಬಿಸಲು ಹೊರಟಿದ್ದಾಳೆ ಹುಡುಗಿ! ಮೂರನೆಯ ಗೆರೆಯನ್ನು ನಾನೇ ಎಳೆದು, ‘ನೋಡಿದವರು’ ಎಂದು ಬರೆದುಕೊಂಡೆ. ನೋಡುವವರಿಲ್ಲದ ಮೇಲೆ ನಡೆದರೇನು, ಬಿದ್ದರೇನು?

ಬಿದ್ದ ಸಂಗತಿಯನ್ನೂ ಬರೆದುಬಿಡುತ್ತೇನೆ. ಹೊಸವರ್ಷದ ಆಟ. ಹನ್ನೆರಡು ಕೋಟೆ ಗೆದ್ದು ಬಂದ ದಂಡನಾಯಕ ಚಕ್ರವರ್ತಿಯ ಮುಂದೆ ಮೂರು ಸಲ ಮಂಡಿಯೂರಿ ಮೂರು ಸಲ ಎದ್ದು ನಿಲ್ಲುವ ದೃಶ್ಯ. ದಂಡನಾಯಕ ನಾನು. ಬೆನ್ನಿಗೆ ನಾಲ್ಕು ಬಾವುಟ, ಕಿರೀಟಕ್ಕೆ ಆಳುದ್ದದ ಎರಡು ಗರಿ. ಡೋಲು ಬಡಿಯಿತು, ಮಂಡಿಯೂರಿದೆ. ಊರಿದ್ದೇ ಊರಿದ್ದು. ಬಾವುಟ ನಡುಗಿತು, ಗರಿ ನಡುಗಿತು, ನಾನು ಮಾತ್ರ ಏಳಲಿಲ್ಲ. ಡೋಲಿನವನು ಬಡಿದದ್ದನ್ನೇ ಬಡಿದ. ಕೊನೆಗೆ ಚಕ್ರವರ್ತಿಯೇ ಸಿಂಹಾಸನ ಬಿಟ್ಟಿಳಿದು ಬಂದು, ನನ್ನ ಕಂಕುಳಿಗೆ ಕೈಹಾಕಿ ಎತ್ತಬೇಕಾಯಿತು. ಜನ ನಕ್ಕರು. ಅಯ್ಯೋ, ಎಂಥ ನಗು ಅದು! ಐವತ್ತೆಂಟು ವರ್ಷದಲ್ಲಿ ಒಬ್ಬ ವಿದೂಷಕನಿಗೂ ಅಷ್ಟು ದೊಡ್ಡ ನಗು ಸಿಕ್ಕಿರಲಿಲ್ಲ.

ನಮ್ಮಲ್ಲಿ ಗಂಡುಪಾತ್ರಗಳನ್ನೂ ಹೆಂಗಸರೇ ಆಡುವುದು. ಚಕ್ರವರ್ತಿಯೆಂದರೆ ಛಾಯ್‌ಹಾಂಗ್, ನಾಟಕ ಮಂಡಳಿಯ ಒಡತಿ. ಒಬ್ಬರೇ ಗುರುವಿನ ಬಳಿ ನನ್ನ ಜೊತೆ ಪಳಗಿದವಳು. ಪರದೆಯ ಹಿಂದೆ ಗಡ್ಡ ಕಳಚುತ್ತ ತೀರ್ಪು ಕೊಟ್ಟಳು:

“ಗ್ವೇಲಿ ಅಕ್ಕಾ, ಏಪ್ರಿಲ್ ಇಪ್ಪತ್ತಕ್ಕೆ ಮಾಜು ತಾಯಿ ಹುಟ್ಟುಹಬ್ಬದ ಆಟ ಇದೆ. ಅಷ್ಟರೊಳಗೆ ಮೂರು ಸಲ ಕೂತು ಮೂರು ಸಲ ಎದ್ದು ತೋರ್ಸು. ಗರಿ ನಿಂದೇ. ಆಗ್ಲಿಲ್ವೋ, ಸೂಯಿನ್‌ಗೆ ಕೊಟ್ಬಿಡ್ತೀನಿ. ಇನ್ನೊಂದ್ಸಲ ನಿನ್ನ ಎತ್ತಿದ್ರೆ ನನ್ನ ಸೊಂಟಾನೂ ಹೋಗತ್ತೆ. ಆ ಮೊಣಕಾಲು ತರಗತಿಗೆ ಹೋಗು. ಆರು ಮಂಗಳವಾರ. ತಪ್ಪಿಸ್ಬೇಡ.”

ಸೂಯಿನ್! ಕತ್ತಿ ಹಿಡಿಯುವುದನ್ನು ನಾನೇ ಕಲಿಸಿದ ಸೂಯಿನ್. ಕಡಲನ್ನೇ ಕಾಯುವ ದೇವಿ ಮಾಜು ತಾಯಿ ನನ್ನ ಎರಡು ಗರಿಯನ್ನು ಕಾಯಲಾರಳೆ?

ಆದ್ದರಿಂದ ಇಂದು ತರಗತಿಗೆ ಹೋದೆ. ಹದಿಮೂರು ಜನ, ಎಲ್ಲರೂ ಮುದುಕಿಯರು. ವೆನ್‌ಚಿ ಕೈಯಲ್ಲೊಂದು ಗಡಿಯಾರ ಹಿಡಿದು, “ಅಜ್ಜಿ, ಈ ಕುರ್ಚಿಯಿಂದ ಎದ್ದು, ಆ ಕೆಂಪು ಪಟ್ಟಿ ತನಕ ನಡೆದು, ತಿರುಗಿ ಬಂದು ಕೂತ್ಕೊಳ್ಳಿ. ದಿನಾ ಹೇಗೆ ನಡೀತೀರೋ ಹಾಗೆ” ಎಂದಳು.

“ಅಜ್ಜಿ ಯಾರಮ್ಮ? ದಂಡನಾಯಕರೇ ಅನ್ನು.”

“ಸರಿ, ದಂಡನಾಯಕರೇ. ನಡೀರಿ.”

ಹನ್ನೆರಡು ಜೋಡಿ ಕಣ್ಣು ನನ್ನ ಮೇಲೆ. ನಾನೇನು ಮಾಡಲಿ? ಕಾಲು ತಾನಾಗಿಯೇ ದಂಡನಾಯಕನ ಕಾಲಾಯಿತು. ಎದೆಯುಬ್ಬಿಸಿ, ಒಂದೊಂದು ಹೆಜ್ಜೆಯನ್ನೂ ನೆಲಕ್ಕೆ ಅಪ್ಪಳಿಸಿ ನಡೆದೆ. ಕೆಂಪು ಪಟ್ಟಿಯ ಬಳಿ ಗರ್ರನೆ ತಿರುಗಿದೆ, ಮೈಮೇಲಿಲ್ಲದ ವೇಷದ ತೋಳಂಚನ್ನು ಕೊಡವಿ ಕುರ್ಚಿಯಲ್ಲಿ ಕೂತೆ. ಚಪ್ಪಾಳೆಯೋ ಚಪ್ಪಾಳೆ.

“ಒಂಬತ್ತು ಸೆಕೆಂಡು!” ಎಂದಳು ವೆನ್‌ಚಿ. ನನ್ನ ಹೆಸರಿನ ಮುಂದೆ ಹಸಿರು ಚುಕ್ಕೆ ಬಿತ್ತು. ನೋವು ಕಡಿಮೆ ಇರುವವರ ಗುಂಪು. ಉಳಿದವರೆಲ್ಲ ಹಳದಿ.

ನೋವು: ದಂಡನಾಯಕರನ್ನು ಇಂಥದ್ದೆಲ್ಲ ಕೇಳಬಾರದು. ನಡೆದದ್ದು: ಭವ್ಯವಾಗಿ. ನೋಡಿದವರು: ಹನ್ನೆರಡು.

ಮಾರ್ಚ್ 5

ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಎರಡು ಸಲ ಗೋಡೆಯನ್ನೂ ಒಂದು ಸಲ ರೆಫ್ರಿಜರೇಟರನ್ನೂ ಅಪ್ಪಿಕೊಂಡೆ.

ನೋಡಿದವರು: ರೆಫ್ರಿಜರೇಟರು.

ಮಾರ್ಚ್ 11, ಮಂಗಳವಾರ

ಇಂದು ಪ್ಲಾಸ್ಟಿಕ್ಕಿನ ಮೊಣಕಾಲೊಂದನ್ನು ತಂದು ಮೇಜಿನ ಮೇಲಿಟ್ಟಳು. ಎರಡು ಎಲುಬು, ನಡುವೆ ಬಿಳಿಯ ಮೆತ್ತನೆಯ ಪದರ. ಆ ಪದರ ಸವೆದರೆ ನಮ್ಮಂಥವರ ಗತಿ. ಸವೆದದ್ದು ಮತ್ತೆ ಹೊಸದಾಗಿ ಬೆಳೆಯುವುದಿಲ್ಲ ಎಂದಳು, ಅಕ್ಕಿಯ ಧಾರಣೆ ಹೇಳುವವಳ ಹಾಗೆ.

ನಾನು ಎದ್ದು ನಿಂತೆ. ಹೊಸವರ್ಷದಿಂದೀಚೆ ದಿನಕ್ಕೆರಡು ಹೊತ್ತು ಹಂದಿಗಾಲಿನ ಸಾರು ಕುಡಿಯುತ್ತಿದ್ದೇನೆ. ಕೀಲಿನ ಎಲುಬನ್ನೇ ಆರಿಸಿ, ಅಂಟು ಬಿಡುವ ತನಕ ಕುದಿಸಿ. ಕಾಲು ತಿಂದರೆ ಕಾಲಿಗೆ ಹೋಗಬೇಕಲ್ಲ!

“ದಂಡನಾಯಕರೇ, ಅದು ಹೊಟ್ಟೆಗೆ ಹೋಗತ್ತೆ. ಮೊಣಕಾಲಿಗೆ ದಾರಿ ಗೊತ್ತಿಲ್ಲ ಅದಕ್ಕೆ. ಹೊಸವರ್ಷದಿಂದ ತೂಕ ಎಷ್ಟು ಏರಿದೆ?”

“ನಾಲ್ಕು ಕಿಲೋ. ಅದರಲ್ಲಿ ಗಾಂಭೀರ್ಯವೂ ಸೇರಿದೆ.”

“ನಾಲ್ಕು ಕಿಲೋ ಮೈಮೇಲೆ ಏರಿದ್ರೆ, ನಡೆಯುವಾಗ ಮೊಣಕಾಲಿನ ಮೇಲೆ ಹದಿನಾರು ಕಿಲೋ ಭಾರ.”

ಪಕ್ಕದಲ್ಲಿ ಕೂತಿದ್ದ ಆಮೀ ಕಿಸಕ್ಕನೆ ನಕ್ಕಳು. ಆಮೀ ಎಂದರೆ ಎಪ್ಪತ್ತೊಂಬತ್ತು ವರ್ಷದ ಮುದುಕಿ. ಕಡಲ ದಂಡೆಯ ಶೆಡ್ಡಿನಲ್ಲಿ ಅರವತ್ತು ವರ್ಷದಿಂದ ಗೇಣೆತ್ತರದ ಮಣೆಯ ಮೇಲೆ ಕುಕ್ಕರಿಸಿ ಸಿಂಪಿಯ ಚಿಪ್ಪು ಬಿಡಿಸುವವಳು. ನಾಲಗೆಯೂ ಅದೇ ಚೂರಿ. “ಹದಿನಾರು ಕಿಲೋ! ಒಂದು ಚೀಲ ಸಿಂಪಿ ಹೊತ್ಕೊಂಡು ನಾಟಕ ಆಡ್ತಿದೀಯ ಕಣೇ ನೀನು.”

ನಾನು ಕೇಳಬೇಕಾದ ಒಂದೇ ಪ್ರಶ್ನೆಯನ್ನು ಕೇಳಿದೆ: “ಮೂರು ಸಲ ಮಂಡಿಯೂರಿ ಏಳಲು ಎಷ್ಟು ದಿನ ಬೇಕು?”

ವೆನ್‌ಚಿ ತಲೆ ಕೆರೆದುಕೊಂಡಳು. “ಮಂಡಿ ಊರದೇ ಇರೋ ಹಾಗೆ ಕತೆ ಬದಲಾಯಿಸಕ್ಕಾಗಲ್ವಾ?”

ಕೇಳಿರಿ, ಕೇಳಿರಿ! ಹನ್ನೆರಡು ಕೋಟೆ ಗೆದ್ದ ವೀರ ಚಕ್ರವರ್ತಿಯ ಮುಂದೆ ಬಂದು, “ಪ್ರಭೋ, ಒಂದು ಕುರ್ಚಿ ಇದೆಯೆ?” ಎನ್ನಬೇಕಂತೆ!

ಹೊರಗೆ ಬಂದಾಗ ಆಮೀ ಹಿಂದಿನಿಂದ ಹೇಳಿದಳು: “ಒಳಗೆ ಹುಲಿ ಥರ ನಡೀತೀಯ. ಬಾಗಿಲಾಚೆ ಬಂದ ಕೂಡ್ಲೇ ಗೋಡೆ ಹಿಡ್ಕೊಳ್ತೀಯ. ನನ್ನ ಕಣ್ಣು ಇನ್ನೂ ಸವೆದಿಲ್ಲ ಕಣೇ.”

ಸ್ಕೂಟರಿನ ಮೇಲೆ ಕೂರಲು ಕಾಲೆತ್ತುವುದಕ್ಕೇ ಉಸಿರೆಲ್ಲ ಬೇಕಾಗಿತ್ತು.

ಮಾರ್ಚ್ 15

ಹಸಿರು ಗುಂಪಿನವರಿಗೆಂದು ಕೊಟ್ಟ ಹಾಳೆಯಲ್ಲಿ ಮೆಟ್ಟಿಲು ಹತ್ತಿಳಿಯುವುದು ಇಪ್ಪತ್ತು ಸಲ, ಬಸ್ಕಿ ಹದಿನೈದು ಸಲ ಎಂದಿತ್ತು. ಮಂಡಳಿಯ ಶೆಡ್ಡಿನಲ್ಲಿ ಎಲ್ಲರೂ ನೋಡುತ್ತಿದ್ದರು. ಇಪ್ಪತ್ತಲ್ಲ, ನಲವತ್ತು ಮಾಡಿದೆ.

ಸಂಜೆಯ ಹೊತ್ತಿಗೆ ಮೊಣಕಾಲು ಚಕ್ಕೋತದಷ್ಟು ದಪ್ಪ. ಎಲವೋ ಮೊಣಕಾಲೇ! ನನ್ನ ಅನ್ನ ತಿಂದು, ನನ್ನದೇ ಚರ್ಮದ ಕೆಳಗೆ ಅಡಗಿ ಕುಳಿತು, ಶತ್ರುವಿಗೆ ಕೋಟೆಯ ಬಾಗಿಲು ತೆರೆದೆಯಾ ದ್ರೋಹಿ!

ಸೂಯಿನ್ ಒಂದು ಸ್ಟೂಲು ತಂದಿಟ್ಟು, “ಗುರುಗಳೇ, ಕೂತ್ಕೊಳ್ಳಿ, ಐಸ್ ಇಡ್ತೀನಿ” ಎಂದಳು. ಸ್ಟೂಲನ್ನು ಒದೆಯಬೇಕೆನಿಸಿತು. ಒದೆಯಲು ಕಾಲಿರಲಿಲ್ಲ. ಕೂತೆ.

ಮಾರ್ಚ್ 18, ಮಂಗಳವಾರ

ಇಂದಿನದನ್ನು ಬರೆಯಬಾರದೆಂದಿದ್ದೆ.

ಊದಿದ ಕಾಲನ್ನು ದೊಗಳೆ ಷರಾಯಿಯಲ್ಲಿ ಮುಚ್ಚಿಕೊಂಡು ಹೋದೆ. ವೆನ್‌ಚಿ ಬಾಯಿ ತೆರೆಯುವ ಮೊದಲೇ ಆಮೀ ಎದ್ದುನಿಂತು ದೂರು ಕೊಟ್ಟಳು: “ದಾದಿಯಮ್ಮ, ಇವಳದ್ದು ಸುಳ್ಳು ಹಸಿರು. ಯಾರಾದ್ರೂ ನೋಡ್ತಿದ್ರೆ ಇವಳಿಗೆ ಸರಿಯಾಗಿ ಕುಂಟಕ್ಕೂ ಬರಲ್ಲ.”

ವೆನ್‌ಚಿ ಬೈಯುತ್ತಾಳೆಂದುಕೊಂಡೆ. ಅವಳು, “ಎಲ್ಲಾರೂ ಕುರ್ಚಿ ತಿರುಗಿಸ್ಕೊಂಡು ಗೋಡೆ ಕಡೆ ಮುಖ ಮಾಡಿ” ಎಂದಳು. ಹನ್ನೆರಡು ಮುದುಕಿಯರು ಕುರ್ಚಿ ಕರಕರ ಎಳೆದು ತಿರುಗಿ ಕೂತರು. “ನಾನೂ ನೋಡಲ್ಲ. ಎದ್ದಾಗ ಹೇಳಿ, ಕೂತಾಗ ಹೇಳಿ” ಎಂದು ಅವಳೂ ಬೆನ್ನು ತಿರುಗಿಸಿ ಗಡಿಯಾರ ಹಿಡಿದಳು.

ಹತ್ತು ವರ್ಷದವಳಿದ್ದಾಗ ಬಣ್ಣ ಹಚ್ಚಿದವಳು ನಾನು. ಒಂದು ಕೋಣೆಯಲ್ಲಿ ಅಷ್ಟೊಂದು ಬೆನ್ನುಗಳನ್ನು ಎಂದೂ ಕಂಡಿರಲಿಲ್ಲ.

“ಎದ್ದೆ” ಎಂದೆ. ನಡೆದೆ. ಕೋಣೆಯಲ್ಲಿ ನನ್ನ ಚಪ್ಪಲಿಯದ್ದೊಂದೇ ಸದ್ದು. ಟಪ್, ಸರ್‍ರ್. ಟಪ್, ಸರ್‍ರ್. ಈ ಮುದುಕಿ ಯಾರಪ್ಪ ಎಂದು ತಿರುಗಿ ನೋಡುವಷ್ಟು ಅಪರಿಚಿತ ಸದ್ದು. ಕೆಂಪು ಪಟ್ಟಿಯ ಬಳಿ ಕಿಟಕಿಯ ಕಂಬಿ ಹಿಡಿದು ತಿರುಗಿದೆ.

“ಕೂತೆ.”

“ಇಪ್ಪತ್ತೊಂದು ಸೆಕೆಂಡು” ಎಂದಳು ವೆನ್‌ಚಿ, ಇನ್ನೂ ಗೋಡೆಗೇ ಹೇಳುತ್ತ. “ಥ್ಯಾಂಕ್ಸ್ ದಂಡನಾಯಕರೇ. ಈಗ ನಿಮ್ಮ ಕಾಲಿಗೆ ಏನು ಕೊಡ್ಬೇಕು ಅಂತ ನಂಗೆ ಗೊತ್ತಾಯ್ತು.”

ಹಸಿರು ಹೋಯಿತು, ಹಳದಿ ಬಂತು. ಹೊಸ ಹಾಳೆಯೂ ಬಂತು: ಕುರ್ಚಿಯಲ್ಲಿ ಕೂತು ಕಾಲನ್ನು ನೀಟಾಗಿ ಮುಂದೆ ಚಾಚಿ ಹಿಡಿಯುವುದು, ಇಳಿಸುವುದು. ಅಷ್ಟೇ. ಮರುದಿನ ಬೆಳಿಗ್ಗೆ ನೋವು ಹೆಚ್ಚಾಗಿದ್ದರೆ ಹಿಂದಿನ ದಿನ ಅತಿ ಮಾಡಿದಿರಿ ಎಂದರ್ಥವಂತೆ. ಅತಿ ಮಾಡದೆ ನಾಟಕದವಳು ಬದುಕುವುದು ಹೇಗೆ ಎಂಬುದು ಹಾಳೆಯಲ್ಲಿಲ್ಲ.

ಹೊರಡುವಾಗ ಆಮೀ ನನ್ನ ಕೈಗೊಂದು ಕಿತ್ತಳೆ ತುರುಕಿದಳು. “ಬೈಕೊಂಡ್ಯಾ ನನ್ನ?”

“ನಾಲ್ಕು ಅಂಕದಷ್ಟು.”

“ಬೈಕೋ. ಕಿತ್ತಳೆ ತಿನ್ನು.”

ಮಾರ್ಚ್ 21

ಸೆಕೆಂಡು ಎಣಿಸಲು ನನಗೆ ಬಾರದು, ತಾಳ ಬರುತ್ತದೆ. ಅದಕ್ಕೆ ಕಾಲನ್ನು ಚಾಚಿ, ದಂಡನಾಯಕನ ವಿದಾಯದ ಪದ್ಯದ ಒಂದು ಸಾಲು ಮುಗಿಯುವವರೆಗೆ ಹಿಡಿಯುತ್ತೇನೆ. ಮೊದಲ ದಿನ ಅರ್ಧ ಸಾಲಿಗೇ ಕಾಲು ಕುಸಿಯಿತು. ಇಂದು ಒಂದು ಸಾಲು ಪೂರ್ತಿ, ಕೊನೆಯ ಎಳೆತದ ಸಮೇತ.

ಸಾರು ಬಿಟ್ಟೆ. ಛಾಯ್‌ಹಾಂಗ್ ಕೇಳಿದ್ದಕ್ಕೆ, ಹಂದಿಗಳ ಮೇಲೆ ಕರುಣೆ ಬಂತು ಎಂದೆ.

ಮಾರ್ಚ್ 25, ಮಂಗಳವಾರ

ಇಂದು ಊರುಗೋಲಿನ ಪಾಠ. ನಾನು ಕೈಕಟ್ಟಿ ಕೂತೆ. ನನಗೆ ಸಂಬಂಧಪಡದ ಪಾಠ.

ವೆನ್‌ಚಿ ಆಮೀಯನ್ನು ಎಬ್ಬಿಸಿದಳು. “ಅಜ್ಜಿ, ಯಾವ ಕಾಲು ನೋವು?”

“ಬಲಗಾಲು.”

“ಕೋಲು ಯಾವ ಕೈಯಲ್ಲಿದೆ?”

“ಬಲಗೈಲಿ. ನೋವಿರೋ ಕಡೆ ತಾನೇ ಕಂಬ ಕೊಡ್ಬೇಕು?”

“ಎಡಗೈಗೆ ತಗೊಳ್ಳಿ. ಬಲಗಾಲು ಮುಂದೆ ಇಡುವಾಗ ಎಡಗೈಯ ಕೋಲೂ ಜೊತೇಲೇ ಮುಂದೆ ಹೋಗ್ಲಿ. ಆಗ ಭಾರ ಹಂಚಿಹೋಗತ್ತೆ.”

ಆಮೀ ಅನುಮಾನದಿಂದ ಕೋಲನ್ನು ಕೈ ಬದಲಾಯಿಸಿ ನಾಲ್ಕು ಹೆಜ್ಜೆ ನಡೆದಳು. ನಿಂತಳು. ಇನ್ನು ನಾಲ್ಕು ಹೆಜ್ಜೆ ನಡೆದಳು. ಆಮೇಲೆ ಕೋಣೆಯೇ ಅದುರುವಂತೆ ಕೂಗಿದಳು: “ಹನ್ನೊಂದು ವರ್ಷ! ಹನ್ನೊಂದು ವರ್ಷ ಇದನ್ನ ತಪ್ಪು ಕೈಲಿ ಹಿಡ್ಕೊಂಡು ಓಡಾಡಿದೀನಿ, ಊರಲ್ಲಿ ಒಬ್ಬನಾದ್ರೂ ಬಾಯಿ ಬಿಡ್ಬಾರ್ದಿತ್ತಾ?”

ಆಮೇಲೆ ಮೆಟ್ಟಿಲು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಲಾರಿಯ ಮೇಲೆ ಕಟ್ಟಿದ ನಮ್ಮ ರಂಗಕ್ಕೆ ಆರು ಕಬ್ಬಿಣದ ಮೆಟ್ಟಿಲು. ಸುಮ್ಮನೆ ತಿಳಿದುಕೊಂಡಿರಲಿ ಎಂದು ಎರಡು ಸಲ ಹತ್ತಿಳಿದೆ.

ನನಗೊಂದು ಕೋಲು ಕೊಡಲು ಬಂದಳು. “ದಂಡನಾಯಕ ಕತ್ತಿ ಹಿಡಿಯುತ್ತಾನೆ” ಎಂದೆ.

ಮಾರ್ಚ್ 29

ಆಮೀಯ ಶೆಡ್ಡಿಗೆ ಸಿಂಪಿ ತಿನ್ನಲು ಹೋಗಿದ್ದೆ. ಕಲಿಸಲು ಹೋಗಿರಲಿಲ್ಲ, ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಆದರೆ ಅಲ್ಲಿ ಎಂಟು ಹೆಂಗಸರು ಗೇಣೆತ್ತರದ ಮಣೆಗಳ ಮೇಲೆ ಗದ್ದದವರೆಗೆ ಮಂಡಿ ಮಡಚಿ ಕೂತಿದ್ದರು. ಕಂಡವಳು ಸುಮ್ಮನಿರುವುದು ಹೇಗೆ? “ಏಳಿರಿ! ಏಳಿರಿ ಸೈನಿಕರೇ!” ಎಂದು ಗರ್ಜಿಸಿದೆ. ಮೀನಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ ಮೇಜು ಎತ್ತರಿಸಿದೆವು. ಮಂಡಳಿಯಿಂದ ಎಂಟು ಕುರ್ಚಿ ತರಿಸಿದೆ. ಅದರಲ್ಲೊಂದು ಸಿಂಹಾಸನ.

“ಇದ್ರ ಮೇಲೆ ಕೂತು ಸಿಂಪಿ ಬಿಡಿಸಿದ್ರೆ ಗಿರಾಕಿಗಳು ಮಂಡಿಯೂರಿ ತಗೋಬೇಕಾಗತ್ತಲ್ಲೇ” ಎಂದಳು ಆಮೀ, ಸಿಂಹಾಸನದಿಂದ.

ಎಲ್ಲರಿಗೂ ಕಾಲು ಚಾಚುವುದನ್ನು ಹೇಳಿಕೊಟ್ಟೆ, ಪದ್ಯದ ಸಮೇತ. ಎಂಟು ಚೂರಿ ತಾಳ ಹಾಕಿದವು. ಸಿಂಪಿ ತಿನ್ನುವುದೇ ಮರೆತುಹೋಯಿತು.

ಛಾಯ್‌ಹಾಂಗ್ ಫೋನಿನಲ್ಲಿ ಕಿರುಚಿದಳು: “ನನ್ನ ಸಿಂಹಾಸನ ಎಲ್ಲಿ?”

ಏಪ್ರಿಲ್ 8, ಮಂಗಳವಾರ

ಕೊನೆಯ ತರಗತಿ. ಮತ್ತೆ ಅದೇ ಕುರ್ಚಿ, ಅದೇ ಕೆಂಪು ಪಟ್ಟಿ. “ಎಲ್ಲರೂ ಗೋಡೆ ಕಡೆ ತಿರುಗ್ಬೇಕಾ?” ಎಂದು ವೆನ್‌ಚಿ ಕೇಳಿದಳು. “ಅವರಿಷ್ಟ” ಎಂದೆ. ಹದಿಮೂರು ಸೆಕೆಂಡು. ಆಮೀ ಹದಿನೇಳು, ಅವಳೂ ಗೆದ್ದವಳಂತೆ ಕೋಲೆತ್ತಿ ತೋರಿಸಿದಳು.

ಮಧ್ಯಾಹ್ನ ಮಂಡಳಿಯ ಶೆಡ್ಡಿನಲ್ಲಿ ನಿಜವಾದ ಪರೀಕ್ಷೆ. ಗರಿಯ ಕಿರೀಟವನ್ನು ಪೆಟ್ಟಿಗೆಯ ಮೇಲಿಟ್ಟು ಛಾಯ್‌ಹಾಂಗ್ ಸಿಂಹಾಸನದಲ್ಲಿ ಕೂತಳು (ಸ್ವಲ್ಪ ಸಿಂಪಿಯ ವಾಸನೆ ಬರುತ್ತದೆ ಎಂದು ಗೊಣಗುತ್ತ). ಸೂಯಿನ್ ಮೂಲೆಯಲ್ಲಿ ನಿಂತಿದ್ದಳು.

ಮೊದಲ ಸಲ. ಮಂಡಿಯೂರಿದೆ. ಎದ್ದೆ! ಯಾರೂ ಕಂಕುಳಿಗೆ ಕೈಹಾಕದೆ.

ಎರಡನೆಯ ಸಲ. ಮಂಡಿಯೂರಿದೆ. ನಿಧಾನವಾಗಿ ಎದ್ದೆ. ಮೊಣಕಾಲೊಳಗೆ ಯಾರೋ ಮರಳು ಅರೆದರು. ಛಾಯ್‌ಹಾಂಗ್ ಮುಂದಕ್ಕೆ ಬಗ್ಗಿ ಕೂತಳು. ಇನ್ನೊಂದೇ ಒಂದು. ಹಲ್ಲು ಕಚ್ಚಿದರೆ ಆಗುತ್ತಿತ್ತು, ನನಗೆ ಗೊತ್ತಿತ್ತು.

ಆದರೆ ನಾಳೆ ಬೆಳಿಗ್ಗೆ ಆಮೀಯ ಜೊತೆ ದಂಡೆಯ ಮೇಲೆ ನಡೆಯಲು ಹೋಗುವುದಿತ್ತು. ಊದಿದ ಕಾಲಿನಲ್ಲಿ ಹೋದರೆ ಅವಳ ಬಾಯಿಗೆ ಬೀಳಬೇಕು. ನಾನು ನಿಂತಲ್ಲೇ ನಿಂತೆ.

“ಸಾಕು” ಎಂದೆ.

“ಅಕ್ಕಾ, ಇನ್ನೊಂದೇ...”

“ಎಣಿಸಕ್ಕೆ ನಂಗೂ ಬರತ್ತೆ. ಸಾಕು ಅಂದೆ.”

ಕಿರೀಟವನ್ನು ಎತ್ತಿ ಸೂಯಿನ್‌ನ ತಲೆಗಿಟ್ಟೆ. ಅವಳು ಗೊಳೋ ಎಂದು ಅತ್ತಳು. “ಅಳ್ಬೇಡ ಕಣೇ, ಬಣ್ಣ ಹಚ್ಚಿದ ದಿನ ಹೀಗೇ ಅತ್ರೆ ಮುಖ ಎಲ್ಲಾ ಗೋಡೆ ಸುಣ್ಣ ಇಳಿದ ಹಾಗಾಗತ್ತೆ. ಗರಿ ತಿರುಗಿಸುವಾಗ ಕತ್ತು ಮಾತ್ರ ತಿರುಗ್ಲಿ, ಸೊಂಟ ಅಲ್ಲ” ಎಂದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ನಾನೂ ಅತ್ತೆ. ತಕ್ಕಮಟ್ಟಿಗೆ ಚೆನ್ನಾಗಿಯೇ ಅತ್ತೆ. ನೋಡಿದವರು ಯಾರೂ ಇಲ್ಲದ್ದು ಕಲೆಗೆ ನಷ್ಟ.

ಏಪ್ರಿಲ್ 10

ಐವತ್ತೆಂಟು ವರ್ಷ ಮುಗಿಯಿತು. ಬರೆಯಲು ಏನೂ ಇಲ್ಲ. ಕಾಲು ಚಾಚುವುದು: ಎರಡು ಸಾಲು.

ಏಪ್ರಿಲ್ 12

ಛಾಯ್‌ಹಾಂಗ್ ಒಂದು ಪೊಟ್ಟಣ ಕಮಲದ ಬೀಜದ ಮಿಠಾಯಿ ತಂದಳು. ಅವಳು ಮಿಠಾಯಿ ತಂದರೆ ಹಿಂದೆ ಏನೋ ಇರುತ್ತದೆ.

“ಅಕ್ಕಾ, ಆ ಆಟದಲ್ಲಿ ದಂಡನಾಯಕನ ತಾಯಿ ಪಾತ್ರ ಇದೆಯಲ್ಲ. ಮಗನ ಮೇಲೆ ಚಾಡಿ ಹೇಳ್ದಾಗ ಆಸ್ಥಾನಕ್ಕೆ ನುಗ್ಗಿ ಚಕ್ರವರ್ತಿಗೇ ಬೈತಾಳಲ್ಲ...”

“ಮುದುಕಿ ಪಾತ್ರ.”

“ಮಂಡಿ ಊರೋದೇ ಇಲ್ಲ. ಹಿರಿಯಳು ಅಂತ ಚಕ್ರವರ್ತೀನೇ ಆಸನ ಕೊಡಿಸ್ತಾನೆ.”

ಪ್ರಭೋ, ಒಂದು ಕುರ್ಚಿ ಇದೆಯೆ! ಆ ದಾದಿ ಹುಡುಗಿ ಹೇಳಿದ ಕತೆ ನಮ್ಮ ಪೆಟ್ಟಿಗೆಯಲ್ಲೇ ಇತ್ತು. ಎರಡು ಮಿಠಾಯಿ ತಿಂದು ಒಪ್ಪಿದೆ. ಆಮೇಲೆ ಅವಳು ಹಾವಿನ ಮೈಯ, ಡ್ರ್ಯಾಗನ್ ತಲೆಯ ಉದ್ದನೆಯ ದಂಡವನ್ನು ತೆಗೆದುಕೊಟ್ಟಳು. ಎಡಗೈಯಲ್ಲಿ ಹಿಡಿದು ನಡೆದೆ.

“ಬಲಗೈ, ಅಕ್ಕಾ.”

“ಎಡಗೈ.”

“ನಮ್ಮ ಗುರುಗಳ ಕಾಲದಿಂದ ಈ ತಾಯಿ ಬಲಗೈಲೇ ಹಿಡಿದಿರೋದು!”

“ಹಾಗಾದ್ರೆ ಆ ತಾಯಿಗೆ ಎಡಗಾಲು ನೋವಿತ್ತು. ಈ ತಾಯಿಗೆ ಬಲಗಾಲು.”

“ಜನ ಆಡ್ಕೊಳ್ತಾರೆ.”

“ಜನ ಹನ್ನೊಂದು ವರ್ಷ ತಪ್ಪು ಕೈಲಿ ಹಿಡ್ಕೊಂಡಿದಾರೆ, ಅವರಿಗೇನು ಗೊತ್ತು!”

ಜಗಳ ಮಿಠಾಯಿ ಮುಗಿಯುವವರೆಗೆ ನಡೆಯಿತು. ತಾಯಿಯನ್ನು ನಾನಾಡುವುದಾದರೆ ಎಡಗೈ, ಇಲ್ಲದಿದ್ದರೆ ನೀನೇ ಗಡ್ಡ ತೆಗೆದು ಆಡು ಎಂದುಬಿಟ್ಟೆ.

ಏಪ್ರಿಲ್ 20, ಮಾಜು ತಾಯಿಯ ಹುಟ್ಟುಹಬ್ಬ

ಸರ್ವನಾಶ! ಐವತ್ತೆಂಟು ವರ್ಷದಲ್ಲಿ ಇಂಥ ಪ್ರೇಕ್ಷಕರನ್ನು ಕಂಡಿಲ್ಲ.

ಮಧ್ಯಾಹ್ನದ ಆಟ. ದೇವಸ್ಥಾನದ ಎದುರು ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಆಮೀ ಸೇರಿ ಅವಳ ಶೆಡ್ಡಿನ ಎಂಟೂ ಜನ, ತರಗತಿಯ ಮುದುಕಿಯರು. ದೇವಸ್ಥಾನದವರು ಹಾಕಿದ ಗಿಡ್ಡ ಸ್ಟೂಲುಗಳನ್ನು ಪಕ್ಕಕ್ಕೆ ತಳ್ಳಿ, ಮನೆಯಿಂದ ಎತ್ತರದ ಕುರ್ಚಿ ಹೊತ್ತು ತಂದಿದ್ದರು. ಹಿಂದಿನವರಿಗೆ ಏನೂ ಕಾಣದೆ ಗದ್ದಲ. ವೆನ್‌ಚಿಯೂ ಇದ್ದಳು, ಸಾಸೇಜು ತಿನ್ನುತ್ತ.

ಆರು ಮೆಟ್ಟಿಲು ಹತ್ತಿದೆ. ಡೋಲು ಮೊಳಗಿತು. ಬಿಳಿಕೂದಲು, ನೀಲಿ ನಿಲುವಂಗಿ, ಎಡಗೈಯಲ್ಲಿ ಡ್ರ್ಯಾಗನ್ ದಂಡ. “ಎಲೈ ಚಕ್ರವರ್ತಿಯೇ! ಕಿವಿಯಿಂದ ಆಳುವ ದೊರೆಯೇ!” ಎಂದು ನನ್ನ ಜೀವಮಾನದ ಅತ್ಯುತ್ತಮ ಕಂಠದಲ್ಲಿ ಗುಡುಗಿದೆ.

“ನೋಡ್ರೇ, ಎಡಗೈಲಿ!” ಎಂದು ಆಮೀ ಅದಕ್ಕಿಂತ ಜೋರಾಗಿ ಗುಡುಗಿದಳು.

ಅಲ್ಲಿಂದ ಒಬ್ಬಳೂ ನನ್ನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ದಂಡದ ಮೇಲೆ, ಮೊಣಕಾಲಿನ ಮೇಲೆ. ನಾನು ಮಗನಿಗಾಗಿ ಕಣ್ಣೀರಿಡುತ್ತಿದ್ದರೆ ಮೂರನೆಯ ಸಾಲಿನಲ್ಲಿ ಒಬ್ಬಳು ಪಕ್ಕದವಳನ್ನು, “ನಿಂಗ್ಯಾವ ಕಾಲೇ?” ಎಂದು ಕೇಳುತ್ತಿದ್ದಳು. ಅಂಗಳದ ಉದ್ದಕ್ಕೂ ಕೋಲುಗಳು, ಕೊಡೆಗಳು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಿದ್ದವು. ಕತೆಯ ದುಃಖ ಯಾರಿಗೂ ಬೇಕಿರಲಿಲ್ಲ!

ಕೊನೆಗೆ ಸೂಯಿನ್ ಮೂರು ಸಲ ಮಂಡಿಯೂರಿ, ಮೂರು ಸಲ ಎದ್ದಳು. ಗರಿ ತಿರುಗಿತು, ಸೊಂಟ ತಿರುಗಲಿಲ್ಲ. ಭೇಷ್! ತಾಯಿ ಮಗ ಜೊತೆಯಾಗಿ ಸಿಂಹಾಸನದ ಮೆಟ್ಟಿಲು ಹತ್ತಿ ಆಶೀರ್ವಾದ ಪಡೆಯುವುದು ಬಾಕಿ. ನಾನು ಮೆಟ್ಟಿಲ ಬಳಿ ನಿಂತೆ. ಅಂಗಳ ನಿಶ್ಶಬ್ದವಾಯಿತು. ಆ ನಿಶ್ಶಬ್ದ ಯಾವುದಕ್ಕೆಂದು ನನಗೆ ತಿಳಿಯಿತು. ಬಾಯಿ ತಾನಾಗಿಯೇ ಹಾಡಿತು:

“ಹತ್ತುವಾಗ ಒಳ್ಳೆ ಕಾಲು ಮೊದಲು, ಮಗನೇ!”

“ಇಳಿಯೋವಾಗ?” ಎಂದು ಮುಂದಿನ ಸಾಲು ಒಕ್ಕೊರಲಿನಿಂದ ಕೂಗಿತು.

“ನೋವಿನ ಕಾಲು ಮೊದಲು, ತಾಯಂದಿರೇ!”

ಡೋಲಿನವನು ಎರಡು ಪೆಟ್ಟು ಕೊಟ್ಟ. ಚಕ್ರವರ್ತಿ ಗಡ್ಡ ಮುಚ್ಚಿಕೊಂಡು ನಕ್ಕ, ಗಡ್ಡದ ಒಂದು ಕಡೆ ಕಿತ್ತುಬಂತು. ಜನ ನಕ್ಕರು. ಹೊಸವರ್ಷದ ನಗುವಿಗಿಂತ ದೊಡ್ಡದು. ಯಾಕೋ ಅದರಲ್ಲಿ ಮುಳ್ಳಿರಲಿಲ್ಲ.

ಆಟ ಮುಗಿದ ಮೇಲೆ ವೆನ್‌ಚಿ ಮೆಟ್ಟಿಲ ಕೆಳಗೆ ಕಾದಿದ್ದಳು. “ಅಜ್ಜಿ, ನಾನು ಆರು ವಾರದಲ್ಲಿ ಹದಿಮೂರು ಜನಕ್ಕೆ ಹೇಳಿದ್ದನ್ನ ನೀವು ಒಂದು ಮಧ್ಯಾಹ್ನದಲ್ಲಿ ಊರಿಗೇ ಹೇಳಿದ್ರಿ” ಎಂದಳು.

“ಹೇಳಲಿಲ್ಲ ಮಗಳೇ. ನಟಿಸಿದೆ. ಅವರು ಕತೆ ನೋಡ್ಲಿಲ್ಲ, ನಾನೇನು ಮಾಡ್ಲಿ?” ಎಂದೆ.

ಏಪ್ರಿಲ್ 22

ಪಕ್ಕದೂರಿನ ದೇವಸ್ಥಾನದವರು ಛಾಯ್‌ಹಾಂಗ್‌ಗೆ ಫೋನು ಮಾಡಿದ್ದರಂತೆ. ಮುಂದಿನ ತಿಂಗಳು ಅವರಿಗೂ ಆಟ ಬೇಕು, ಆ “ಎಡಗೈ ತಾಯಿ” ಇದ್ದರೆ ಮಾತ್ರ. ಛಾಯ್‌ಹಾಂಗ್ ಈಗ, ನಮ್ಮ ಗುರುಗಳೂ ಎಡಗೈಯಲ್ಲೇ ಹಿಡಿಯುತ್ತಿದ್ದರು, ನನಗೆ ಚೆನ್ನಾಗಿ ನೆನಪಿದೆ ಎನ್ನುತ್ತಾಳೆ.

ಜೊತೆಗೇ ಡ್ರ್ಯಾಗನ್ ದಂಡ ಪೆಟ್ಟಿಗೆಯಲ್ಲಿಲ್ಲ ಎಂದು ಹುಡುಕಾಡುತ್ತಿದ್ದಳು. ಎಲ್ಲಿ ಹೋಗುತ್ತದೆ? ಮೀನಿನ ಮಾರುಕಟ್ಟೆಯಿಂದ ಬಂದಾಗ ನೋಡುತ್ತೇನೆ, ನಮ್ಮ ಮನೆಯ ಬಾಗಿಲಿಗೆ ಒರಗಿ ನಿಂತಿದೆ. ಹಿಡಿಯ ಮೇಲೆ ಮೀನಿನ ಹುರುಪೆ, ನನ್ನ ಎಡಗೈ ಮೇಲೂ ಅದೇ. ನಾಳೆ ಹಿಂದಿರುಗಿಸಬೇಕು.

ನೋವು: ಮೂರು. ಮೆಟ್ಟಿಲ ಬಳಿ ನಾಲ್ಕು.

ನಡೆದದ್ದು: ಮಾರುಕಟ್ಟೆಗೆ, ಅಲ್ಲಿಂದ ಆಮೀಯ ಶೆಡ್ಡಿಗೆ, ಅಲ್ಲಿಂದ ಮನೆಗೆ.

ನೋಡಿದವರು: ಗಮನಿಸಲಿಲ್ಲ.